ಸುಡದ ಸಿಗರೇಟು ಮತ್ತು ಏಕಾದಶಿಯ ಉಪ್ಪಿಟ್ಟು

ಕೆಲವು ತಿಂಗಳ ಹಿಂದೆ ಅಟ್ಲಾಂಟಾ ಹತ್ತಿರದ ಸುವಾನಿಯಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಊಟವಾದ ಮೇಲೆ ಗರಾಜಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆ. ರೇಷ್ಮೆ ಪಂಚೆ ಉಟ್ಟ ಹುಡುಗನೊಬ್ಬ ಅಲ್ಲಿಗೆ ಬಂದ. ಹುಡುಗ ಎಂದರೆ ಮೂವತ್ತು ದಾಟಿದವನೇ, ನನ್ನ ವಯಸ್ಸಿಗೆ ಎಲ್ಲರೂ ಹುಡುಗರು. ಜೇಬಿನಿಂದ ದಪ್ಪ ಪೆನ್ನಿನಂಥ ಸಾಧನವೊಂದನ್ನು ತೆಗೆದು, ಅದರ ಬಾಯಿಗೆ ಮೋಟು ಸಿಗರೇಟು ಸಿಕ್ಕಿಸಿ, ಎಳೆಯತೊಡಗಿದ. ನಾನು ನೋಡುತ್ತಿದ್ದೇನೆಂದು ತಿಳಿದು ಅವನಿಗೆ ಸಂಕೋಚವಾಯಿತು.

"ಅಂಕಲ್, ಇದು ಸ್ಮೋಕಿಂಗ್ ಅಲ್ಲ. ಬರ್ನ್ ಆಗಲ್ಲ ಇದು, ಜಸ್ಟ್ ಹೀಟ್ ಆಗುತ್ತೆ. ಹೊಸ ಟೆಕ್ನಾಲಜಿ. ನಿಮ್ಮ ಟೈಮಲ್ಲಿ ಇರ್ಲಿಲ್ಲ."

"ಇರ್ಲಿಲ್ಲಪ್ಪ," ಎಂದೆ.

ಸುಳ್ಳು ಹೇಳಿದೆ. ನನ್ನ ಕಾಲದಲ್ಲಿ ಇತ್ತು. ತೊಂಬತ್ತರ ದಶಕದಲ್ಲಿ, ಉತ್ತರ ಕ್ಯಾರೊಲಿನಾದಲ್ಲಿ, ಇಂಥದೇ ಒಂದನ್ನು ಮಾಡಲು ದುಡಿದ ಕೈಗಳಲ್ಲಿ ನನ್ನವೂ ಎರಡು. ಅದನ್ನು ನನ್ನ ಅಕ್ಕನ ಮನೆಯೊಳಕ್ಕೆ ತಂದಿಟ್ಟ ಕೈಗಳು ಮಾತ್ರ ಪೂರ್ತಿ ನನ್ನವೇ. ಆ ಹುಡುಗನಿಗೆ ಹೇಳದೆ ಬಂದದ್ದನ್ನು ಇಲ್ಲಿ ಹೇಳುತ್ತೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಮೈಸೂರಿನ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಲೇತು, ಮಿಲ್ಲಿಂಗು, ಗ್ರೈಂಡಿಂಗು ಕಲಿತೆ. ಅಕ್ಕ ಮದುವೆಯಾಗಿ ಅಮೆರಿಕಕ್ಕೆ ಬಂದವಳು, ಸಿಟಿಜನ್ ಆದ ಮೇಲೆ ತಮ್ಮನಿಗೆಂದು ಅರ್ಜಿ ಹಾಕಿದಳು. ಕಾದು ಕಾದು ಆ ಅರ್ಜಿಯ ನೆನಪೇ ಹೋಗಿದ್ದಾಗ ವೀಸಾ ಬಂತು. ನಾನೂ ನನ್ನ ಹೆಂಡತಿಯೂ ಉತ್ತರ ಕ್ಯಾರೊಲಿನಾದ ಕ್ಯಾರಿ ಎಂಬ ಊರಿಗೆ ಬಂದು, ಅಕ್ಕನ ಮನೆಯ ಗರಾಜಿನ ಮೇಲಿದ್ದ ಬೋನಸ್ ರೂಮಿನಲ್ಲಿ ಸಂಸಾರ ಹೂಡಿದೆವು.

ಭಾವ ಹತ್ತಿರದ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಒಂದು ಕಂಪನಿಯಲ್ಲಿ ದೊಡ್ಡ ಇಂಜಿನಿಯರ್. ಒಳ್ಳೆಯವರು. ನನಗೆ ಡ್ರೈವಿಂಗ್ ಕಲಿಸಿದರು, ತಮ್ಮ ಹಳೆಯ ಕಾರನ್ನೇ ಕೊಟ್ಟರು. ಆದರೆ ಮನೆಗೆ ಯಾರೇ ಬರಲಿ, "ಇವನು ನನ್ನ ಭಾವಮೈದ, ನಮ್ಮನೆ ಎಸ್ಸೆಸ್ಸೆಲ್ಸಿ ಇಂಜಿನಿಯರು," ಎಂದು ಪರಿಚಯ ಮಾಡಿಸುತ್ತಿದ್ದರು. ಬಂದವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಭಾವನ ಮಾತಿನಲ್ಲಿ ವಿಷವಿರಲಿಲ್ಲ. ಆದರೆ ನನ್ನ ಹೊಟ್ಟೆಗೆ ಹೋದ ಮೇಲೆ ಅದು ವಿಷವಾಗುತ್ತಿತ್ತು. ಅದು ನನ್ನ ಹೊಟ್ಟೆಯ ಗುಣ.

ಕಾಲೇಜಿನಿಂದಲೂ ಭಾವನಿಗೆ ಸಿಗರೇಟಿನ ಚಟ. ನಾವು ಬಂದ ಕೆಲವು ವರ್ಷಕ್ಕೆ ಅವರಿಗೆ ಹಾರ್ಟ್ ಅಟ್ಯಾಕ್ ಆಯಿತು. ಡಾಕ್ಟರು ಸುತ್ತುಬಳಸಿ ಮಾತಾಡಲಿಲ್ಲ. ಇನ್ನು ಸೇದಿದರೆ ನನ್ನ ಹತ್ತಿರ ಬರಬೇಡಿ, ನೇರವಾಗಿ ಫ್ಯೂನರಲ್ ಹೋಮಿಗೆ ಹೋಗಿ ಎಂದರು. ಆಸ್ಪತ್ರೆಯಿಂದ ಬಂದ ದಿನ ಭಾವ ದೇವರ ಮುಂದೆ, ಅಕ್ಕನ ಕೈ ಹಿಡಿದು, ಇನ್ನು ಸೇದುವುದಿಲ್ಲ ಎಂದು ಮಾತು ಕೊಟ್ಟರು. ಅಕ್ಕ ಅಷ್ಟಕ್ಕೇ ಬಿಡಲಿಲ್ಲ. ಕೋಟು, ಕಾರು, ಟೂಲ್ ಬಾಕ್ಸು ಎಲ್ಲ ತಡಕಿ ಸಿಕ್ಕ ಪ್ಯಾಕೆಟ್ಟುಗಳನ್ನೆಲ್ಲ ನಲ್ಲಿ ಕೆಳಗೆ ನೆನೆಸಿ ಕಸಕ್ಕೆ ಹಾಕಿದಳು. ಆಮೇಲೆ ಭಾವ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಸಿಗರೇಟು ಮುಟ್ಟಲಿಲ್ಲ. ಲವಂಗ ಕಡಿಯುತ್ತಿದ್ದರು, ಸಿಡುಕುತ್ತಿದ್ದರು, ದಪ್ಪಗಾದರು. ಆದರೂ ಗೆದ್ದಿದ್ದರು. ಇದನ್ನು ಮರೆಯಬಾರದು. ನಾನು ಹೋದದ್ದು ಗೆದ್ದ ಮನುಷ್ಯನ ಹತ್ತಿರ.

ಅಷ್ಟರಲ್ಲಿ ನನಗೆ ಒಂದು ವಿನ್ಯಾಸದ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ಪೈನ್ ಮರಗಳ ಹಿಂದೆ ಅವಿತಿದ್ದ ತಗ್ಗು ಕಟ್ಟಡ. ಒಳಗೆ ಏನು ಮಾಡುತ್ತಾರೆಂದು ಹೊರಗಿನ ಬೋರ್ಡು ಹೇಳುತ್ತಿರಲಿಲ್ಲ. ಯಾವುದೋ ದೊಡ್ಡ ತಂಬಾಕು ಕಂಪನಿಗಾಗಿ ಅಲ್ಲಿ ಹೊಸ ಬಗೆಯ ಸಿಗರೇಟು ತಯಾರಾಗುತ್ತಿತ್ತು. ಆದರೆ ಸಿಗರೇಟು ಎನ್ನುವ ಮಾತನ್ನು ಆ ಕಟ್ಟಡದೊಳಗೆ ಆಡುವಂತಿರಲಿಲ್ಲ. 'ಪ್ರಾಡಕ್ಟ್' ಎನ್ನಬೇಕು. ಸೇದುವವನು 'ಕನ್ಸ್ಯೂಮರ್'. ಹೊಗೆ ಎಂದರಂತೂ ಮೀಟಿಂಗಿನಲ್ಲಿ ಎಲ್ಲರೂ ತಲೆ ತಗ್ಗಿಸುತ್ತಿದ್ದರು, ಮಡಿಯಲ್ಲಿದ್ದವರ ಮುಂದೆ ಕೆಟ್ಟ ಮಾತು ಆಡಿದ ಹಾಗೆ. ಅದು 'ಏರೋಸಾಲ್'. ನಾನು ಕಲಿತ ಹೊಸ ಇಂಗ್ಲಿಷಿನಲ್ಲಿ ಅರ್ಧ ಇಂಥ ಮಡಿ ಮಾತುಗಳು.

ಸಾಧನ ಹೀಗಿತ್ತು. ಒಂದು ಸಣ್ಣ ಟಾರ್ಚಿನ ಗಾತ್ರ. ಒಳಗೆ ಬ್ಯಾಟರಿ. ಬಾಯಿಯ ಸುತ್ತ, ಹೂವಿನ ಎಸಳು ನಿಲ್ಲಿಸಿದ ಹಾಗೆ, ಕೂದಲಿಗಿಂತ ಸ್ವಲ್ಪ ದಪ್ಪದ ಲೋಹದ ಪಟ್ಟಿಗಳು. ಅದಕ್ಕೆಂದೇ ಮಾಡಿದ ಮೋಟು ಸಿಗರೇಟನ್ನು ಈ ಎಸಳುಗಳ ನಡುವೆ ತೂರಿಸಬೇಕು. ಎಳೆದಾಗ ಗಾಳಿ ಸರಿಯುವುದನ್ನು ಒಂದು ಸೆನ್ಸರು ಗುರುತಿಸುತ್ತದೆ. ಆಗ ಒಂದು ಎಸಳು ಕಾದು ತನಗೆ ತಾಗಿದಷ್ಟು ಜಾಗದ ತಂಬಾಕನ್ನು ಬಿಸಿ ಮಾಡುತ್ತದೆ. ಮುಂದಿನ ಸಲಕ್ಕೆ ಮುಂದಿನ ಎಸಳು. ಎಸಳುಗಳೆಲ್ಲ ಮುಗಿದರೆ ಸಿಗರೇಟು ಮುಗಿದ ಹಾಗೆ. ಎಸಳುಗಳನ್ನು ಕತ್ತರಿಸಿ, ಅಂಚು ತಿದ್ದಿ, ಮೈಕ್ರೋಸ್ಕೋಪಿನ ಕೆಳಗೆ ಒಂದೊಂದಾಗಿ ಕೂರಿಸುವುದು ನನ್ನ ಕೆಲಸ. ಚೆನ್ನಾಗಿ ಮಾಡುತ್ತಿದ್ದೆ. ಇಷ್ಟು ಚೆನ್ನಾಗಿ ಮಾಡಿದ ಕೆಲಸ ಕೆಟ್ಟದ್ದಾಗಿರಲಾರದು ಎಂದು ನಂಬಿಕೊಂಡಿದ್ದೆ. ಟೂಲ್ ರೂಮಿನವರಿಗೆಲ್ಲ ಇರುವ ಮೂಢನಂಬಿಕೆ ಅದು.

ಅಲ್ಲಿನ ಜಾಣರ ಜಾಣತನ ನೋಡಿ. ಮೊದಲು ಹೊಗೆಯನ್ನು ತೆಗೆದರು. ಅದಕ್ಕೆಂದೇ ಹುಟ್ಟಿದ ಯೋಜನೆಯಲ್ಲವೆ! ಹೊಗೆ ಹೋಯಿತು. ಸೇದಿ ನೋಡಲು ಕರೆಸಿದ ಜನ, ಬಾಯಿಂದ ಏನೂ ಬರುತ್ತಿಲ್ಲ, ಖಾಲಿ ಸ್ಟ್ರಾ ಎಳೆದ ಹಾಗಿದೆ ಎಂದರು. ಸರಿ, ತಂಬಾಕಿಗೆ ಗ್ಲಿಸರಿನ್ ಬೆರೆಸಿ, ಬಾಯಿಂದ ಬೆಳ್ಳನೆ ಮೋಡ ಬರುವ ಹಾಗೆ ಮಾಡಲು ತಿಂಗಳುಗಟ್ಟಲೆ ತಿಣುಕಿದರು. ಕಸ ಗುಡಿಸಿ, ಮನೆ ಬಿಕೋ ಎನ್ನುತ್ತದೆಂದು ಬೀದಿಯ ಕಸ ತಂದು ಹರಡಿದ ಹಾಗೆ. ಮೋಡ ಬಂತು. ಆಮೇಲೆ, ಗಂಟಲಿಗೆ ಏಟು ಬೀಳುತ್ತಿಲ್ಲ ಎಂಬ ದೂರು. ಗಂಟಲಿಗೆ ಏಟು ಹಾಕುವುದು ಹೇಗೆ ಎಂದು ಟೈ ಕಟ್ಟಿಕೊಂಡವರು ಬಿಳಿ ಹಲಗೆಯ ಮೇಲೆ ಚಿತ್ರ ಬರೆದು ಚರ್ಚಿಸಿದರು. ಮೀಟಿಂಗು ಮುಗಿದ ಕೂಡಲೇ ಅದೇ ಮಹಾಶಯರು ಹಿಂಬಾಗಿಲಿನಿಂದ ಹೊರಗೆ ಹೋಗಿ, ಮರಳಿನ ಬಕೆಟ್ಟಿನ ಸುತ್ತ ನಿಂತು, ಲೈಟರು ಹತ್ತಿಸಿ ಮಾಮೂಲಿ ಸಿಗರೇಟು ಸೇದುತ್ತಿದ್ದರು. ನಮ್ಮ ಪ್ರಾಡಕ್ಟನ್ನು ಅಲ್ಲಿಗೆ ಯಾರೂ ತೆಗೆದುಕೊಂಡು ಹೋದದ್ದನ್ನು ನಾನು ಕಾಣೆ.

"ನೀವು ಇದನ್ನೇ ಯಾಕೆ ಸೇದಲ್ಲ?" ಎಂದು ನಮ್ಮ ಮುಖ್ಯ ಇಂಜಿನಿಯರನ್ನು ಒಮ್ಮೆ ಕೇಳಿದೆ. ಗಡ್ಡದ ಮನುಷ್ಯ, ಅದೇ ಸೀಮೆಯವನು. ಅವನ ಅಜ್ಜ ತಂಬಾಕು ಬೆಳೆದವನಂತೆ.

"ನಾನು ಸೇದೋದು ರಿಲ್ಯಾಕ್ಸ್ ಆಗೋಕೆ," ಎಂದ. "ಇದನ್ನು ನೋಡಿದ್ರೆ ಕೆಲಸ ನೆನಪಾಗುತ್ತೆ."

ಸುತ್ತಲಿದ್ದವರು ಕೆಮ್ಮುತ್ತ ನಕ್ಕರು.

ಪ್ರಯೋಗಾಲಯದಲ್ಲಿ ಸಿಗರೇಟು ಸೇದುವ ಯಂತ್ರವಿತ್ತು. ಅದು ಎಳೆದದ್ದೆಲ್ಲ ಒಂದು ಬಿಳಿ ಫಿಲ್ಟರ್ ಬಿಲ್ಲೆಯ ಮೇಲೆ ಬಂದು ಕೂರುತ್ತದೆ. ಮಾಮೂಲಿ ಸಿಗರೇಟಿನ ಬಿಲ್ಲೆ ಕಾಫಿ ಚೆಲ್ಲಿದ ಹಾಗೆ ಕಂದು. ನಮ್ಮದರ ಬಿಲ್ಲೆ ಹೆಚ್ಚುಕಡಿಮೆ ಬಿಳುಪು, ಸ್ವಲ್ಪ ಹಳದಿ ಛಾಯೆ. ಹೊರಗಿನಿಂದ ಯಾರೇ ಬರಲಿ, ಈ ಎರಡು ಬಿಲ್ಲೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವುದು ಅಲ್ಲಿಯ ಪದ್ಧತಿ. ಮಾತೇ ಬೇಕಿರಲಿಲ್ಲ. ನೋಡಿದವರು 'ವಾವ್' ಎನ್ನುತ್ತಿದ್ದರು. ಬಿಳಿ ಬಿಲ್ಲೆಯ ಮೇಲೆ ಕೂತದ್ದರಲ್ಲಿ ಹೆಚ್ಚಿನದು ನೀರು ಮತ್ತು ಗ್ಲಿಸರಿನ್, ಅದಕ್ಕೇ ಬಣ್ಣವಿಲ್ಲ, ನಿಕೋಟಿನಿಗೂ ಹೇಳಿಕೊಳ್ಳುವಂಥ ಬಣ್ಣವಿಲ್ಲ ಎನ್ನುವುದನ್ನು ಕೇಳಿದವರಿಗೆ ಮಾತ್ರ ಹೇಳುತ್ತಿದ್ದರು. ಕೇಳುವವರು ಕಡಿಮೆ. ನಾನು ಕೇಳಿ ತಿಳಿದುಕೊಂಡಿದ್ದೆ. ತಿಳಿದೂ ಒಂದು ದಿನ ಆ ಎರಡು ಬಿಲ್ಲೆಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು, ಕೆಲಸಕ್ಕೆ ಬಾರದೆಂದು ಬದಿಗಿಟ್ಟಿದ್ದ ಒಂದು ಸಾಧನವನ್ನು ರಿಪೇರಿ ಮಾಡಿಕೊಂಡು, ಅಕ್ಕನ ಮನೆಗೆ ತಂದೆ.

ಭಾವನ ಮೇಲಿನ ಕನಿಕರದಿಂದ ತಂದೆ ಎಂದು ಎಷ್ಟೋ ವರ್ಷ ನನಗೇ ಹೇಳಿಕೊಂಡಿದ್ದೇನೆ. ಕನಿಕರ ಎಲ್ಲಿಯದು? ಎಸ್ಸೆಸ್ಸೆಲ್ಸಿ ಇಂಜಿನಿಯರು ಏನು ಮಾಡುತ್ತಾನೆಂದು ತೋರಿಸಬೇಕಿತ್ತು, ಅಷ್ಟೆ.

ಅವತ್ತು ಶನಿವಾರ, ಏಕಾದಶಿ ಕೂಡ. ಅಕ್ಕನ ಮನೆಯಲ್ಲಿ ಏಕಾದಶಿ ತಪ್ಪುತ್ತಿರಲಿಲ್ಲ. ಅಂದರೆ ಅಕ್ಕಿ ಬೇಯುತ್ತಿರಲಿಲ್ಲ. ಅದರ ಬದಲು ಈರುಳ್ಳಿಯಿಲ್ಲದೆ, ತುಪ್ಪದಲ್ಲಿ ಹುರಿದ ರವೆಗೆ ಗೋಡಂಬಿ ಹಾಕಿದ ಉಪ್ಪಿಟ್ಟು. ಅದರ ಜೊತೆಗೆ ಬಾಳೆಹಣ್ಣಿನ ರಸಾಯನ, ಹಾಲು. ಇದಕ್ಕೆಲ್ಲ ಒಟ್ಟಾಗಿ ಉಪವಾಸ ಎಂದು ಹೆಸರು. ಬೇರೆ ದಿನಕ್ಕಿಂತ ಅವತ್ತೇ ಎರಡು ತುತ್ತು ಜಾಸ್ತಿ ಇಳಿಯುತ್ತಿತ್ತು. ಹೊಟ್ಟೆ ತುಂಬ ಉಪವಾಸ ಮಾಡಿ ಭಾವನೂ ನಾನೂ ಗರಾಜಿಗೆ ಬಂದೆವು.

ನಾನು ಸಾಧನವನ್ನು ಬೆಂಚಿನ ಮೇಲಿಟ್ಟೆ. ಎರಡು ಬಿಲ್ಲೆಗಳನ್ನು ಅಕ್ಕಪಕ್ಕ ಹರಡಿದೆ. ಭಾವ ಕನ್ನಡಕ ಹಣೆಗೇರಿಸಿ ಬಾಗಿ ನೋಡಿದರು.

"ಕಂಬಶ್ಚನ್ನೇ ಇಲ್ಲ ಅಂತೀಯಾ?"

"ಇಲ್ಲ ಭಾವ. ಬರೀ ಹೀಟ್ ಮಾಡುತ್ತೆ. ಕಾಫಿ ಫಿಲ್ಟರ್ ಇದ್ದ ಹಾಗೆ ಅಂದ್ಕೊಳಿ. ಪುಡಿ ಸುಡಲ್ಲ, ಡಿಕಾಕ್ಷನ್ ಇಳಿಯುತ್ತೆ."

"ಆಹಾ. ಟೆಂಪರೇಚರ್ ಹೇಗೆ ಕಂಟ್ರೋಲ್ ಮಾಡ್ತೀರಿ? ಒಂದು ಎಸಳು ಕಾದಿದ್ರೆ ಪಕ್ಕದ್ದು ತಣ್ಣಗಿರಬೇಕಲ್ಲ?"

ಅವರು ಕೇಳುತ್ತ ಹೋದರು, ನಾನು ಹೇಳುತ್ತ ಹೋದೆ. ಸಾಧನ ಬಿಚ್ಚಿದೆ, ಎಸಳು ತೋರಿಸಿದೆ, ಹಳೆಯ ಲಕೋಟೆಯೊಂದರ ಹಿಂದೆ ಸರ್ಕ್ಯೂಟು ಬರೆದೆ. ಆ ಮಧ್ಯಾಹ್ನವೆಲ್ಲ ಭಾವ ನನ್ನನ್ನು ಸಮಾನನ ಹಾಗೆ ಮಾತಾಡಿಸಿದರು. ಅಮೆರಿಕಕ್ಕೆ ಬಂದ ಮೇಲೆ ಅಷ್ಟು ಸಂತೋಷವಾದ ದಿನ ನನಗೆ ಇನ್ನೊಂದಿರಲಿಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಕೊನೆಗೆ ಭಾವ ಸಾಧನವನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತ ನಕ್ಕರು.

"ನೋಡಯ್ಯಾ, ಹಂಗಾದ್ರೆ ಇದು ಏಕಾದಶಿ ಉಪ್ಪಿಟ್ಟು. ಊಟ ಅಲ್ಲ, ಫಲಾಹಾರ."

"ಹೂಂ ಭಾವ, ಫಲಾಹಾರ."

"ಹೊಟ್ಟೇನೂ ತುಂಬುತ್ತೆ, ವ್ರತಾನೂ ಕೆಡಲ್ಲ."

"ಕೆಡಲ್ಲ."

ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆಮೇಲೆ ಭಾವ ಮೋಟು ಸಿಗರೇಟು ಸಿಕ್ಕಿಸಿ ಎಳೆದರು. ಕಣ್ಣು ಮುಚ್ಚಿದರು. ಅವರ ಮುಖದ ಸಿಡುಕು ಇಳಿದುಹೋದದ್ದನ್ನು ನಾನು ಕಣ್ಣಾರೆ ಕಂಡೆ. ನಾವು ಹುಟ್ಟಿ ಬೆಳೆದದ್ದೇ ಇಂಥ ರಿಯಾಯಿತಿಗಳಲ್ಲಿ. ದೇವರಿಗೇ ಉಪ್ಪಿಟ್ಟು ತೋರಿಸಿ ಒಪ್ಪಿಸಿದವರಿಗೆ ಡಾಕ್ಟರು ಯಾವ ಲೆಕ್ಕ! ಆ ಗಡ್ಡದ ಇಂಜಿನಿಯರಿಗೆ ಇದನ್ನು ಜನರಿಗೆ ಒಪ್ಪಿಸುವುದು ಹೇಗೆಂದು ಚಿಂತೆಯಿತ್ತು. ಒಂದು ಏಕಾದಶಿಯ ದಿನ ನಮ್ಮ ಮನೆಗೆ ಬಂದಿದ್ದರೆ ಸಾಕಿತ್ತು.

ಅಷ್ಟರಲ್ಲಿ ಅಕ್ಕ ಒಳಬಾಗಿಲು ತೆರೆದಳು. "ಏನ್ರೀ ಅದು, ಬಾಯಲ್ಲಿ?"

ಭಾವ ಗಾಬರಿಯಾಗಲಿಲ್ಲ. "ಆವಿ ಕಣೇ. ಎದೆಗೆ ಒಳ್ಳೇದು. ನಿನ್ನ ತಮ್ಮನ ಆಫೀಸಲ್ಲಿ ಮಾಡಿದ್ದು."

ಅಕ್ಕ ನನ್ನ ಕಡೆ ತಿರುಗಿದಳು. ಗಂಡನ ಮಾತನ್ನು ಅವಳು ಅಷ್ಟು ಸುಲಭಕ್ಕೆ ನಂಬುವವಳಲ್ಲ. ನನ್ನನ್ನು ಎತ್ತಿ ಆಡಿಸಿದವಳು, ನನ್ನನ್ನು ನಂಬುತ್ತಿದ್ದಳು.

"ಹೌದೇನೋ?"

"ಹೂಂ ಅಕ್ಕ. ಆವಿನೇ. ಓಮದ ಆವಿ ತಗೋತೀವಲ್ಲ, ಹಾಗೆ. ಇದು ಎಲೆಕ್ಟ್ರಿಕ್."

ಆಫೀಸಿನಲ್ಲಿ ಕಲಿತ ವಿದ್ಯೆ ಅದು. ಹೇಳಿದ್ದರಲ್ಲಿ ಸುಳ್ಳು ಹುಡುಕಿದರೆ ಸಿಗಬಾರದು. ಅಕ್ಕ ಹತ್ತಿರ ಬಂದು ಭಾವನ ಷರ್ಟು ಮೂಸಿ ನೋಡಿದಳು. ಇಪ್ಪತ್ತು ವರ್ಷದಿಂದ ಅವಳಿಗೆ ಪರಿಚಯವಿದ್ದ ವಾಸನೆ ಅಲ್ಲಿರಲಿಲ್ಲ. "ಹಂಗಾದ್ರೆ ಸರಿ," ಎಂದಳು. ಅವಳ ಮುಖ ಅರಳಿತು. ಆಮೇಲೆ ಹೇಳಿದಳು: "ನಮ್ಮ ಹುಡುಗ ಹಾರ್ಟ್ ಪೇಷಂಟ್ಸಿಗೆ ಮೆಷಿನ್ ಮಾಡ್ತಾನೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ನೋಡಿ."

ನಾನು ತಿದ್ದಲಿಲ್ಲ.

ಅಂದಿನಿಂದ ಆ ಸಾಧನಕ್ಕೆ ಅಡುಗೆಮನೆಯಲ್ಲಿ, ಮಿಕ್ಸಿಯ ಪಕ್ಕದ ಪ್ಲಗ್ಗಿನಲ್ಲಿ, ಒಂದು ಜಾಗ ಸಿಕ್ಕಿತು. ಅಕ್ಕ ಬೆಳಿಗ್ಗೆ ಸ್ನಾನ ಮಾಡಿ, ದೇವರ ದೀಪ ಹಚ್ಚಿ, ಕಾಫಿಗೆ ನೀರಿಟ್ಟು, ಅದನ್ನು ಚಾರ್ಜಿಗೆ ಹಾಕುತ್ತಿದ್ದಳು. ಮರೆಯುತ್ತಿರಲಿಲ್ಲ. ಭಾವ ಆಫೀಸಿಗೆ ಹೊರಟಾಗ ಲಂಚ್ ಡಬ್ಬಿಯ ಜೊತೆ ಅದನ್ನೂ ಕೈಗೆ ಕೊಟ್ಟು, "ಆವಿ ತಗೊಳೋದು ಮರೀಬೇಡಿ," ಎನ್ನುತ್ತಿದ್ದಳು. ಮೋಟು ಸಿಗರೇಟುಗಳನ್ನು ನಾನು ಆಫೀಸಿನಿಂದ ತಂದು, ಔಷಧಿ ಅಂಗಡಿಯವರು ಮಾತ್ರೆ ಹಾಕಿ ಕೊಡುವ ಕಿತ್ತಳೆ ಬಣ್ಣದ ಶೀಶೆಯಲ್ಲಿ ತುಂಬಿ ಕೊಡುತ್ತಿದ್ದೆ. ಆ ಶೀಶೆಯ ಉಪಾಯ ಭಾವನದಲ್ಲ. ನನ್ನದು.

ಅವರ ಮಗಳು ಆಗ ಹೈಸ್ಕೂಲಿನಲ್ಲಿದ್ದಳು. "ಮಾಮಾ, ಗರಾಜ್ ಸ್ಮೆಲ್ಸ್ ಲೈಕ್ ಬರ್ನ್ಟ್ ಪಾಪ್‌ಕಾರ್ನ್. ವೈ?" ಎಂದು ಒಂದು ದಿನ ಕೇಳಿದಳು.

"ಅದು ಮೆಡಿಸಿನ್ ಪುಟ್ಟಿ."

"ದಟ್ಸ್ ಸೋ ಗ್ರೋಸ್," ಎಂದು ಮೂಗು ಮುಚ್ಚಿಕೊಂಡು ಹೋದಳು. ಆ ಮನೆಯಲ್ಲಿ ಸರಿಯಾದ ಮೂಗು ಇದ್ದದ್ದು ಅವಳೊಬ್ಬಳಿಗೇ.

ಕೆಲವು ವಾರ ಕಳೆದವು. ಭಾವ ಗೊಣಗತೊಡಗಿದರು. "ಗಂಟಲಿಗೆ ಹತ್ತಲ್ಲ ಕಣಯ್ಯಾ. ಸಪ್ಪೆ. ಉಪ್ಪಿಟ್ಟಿಗೆ ಉಪ್ಪೇ ಹಾಕಿಲ್ಲ ನೀವು." ನಾನು ಸಾಧನವನ್ನು ಆಫೀಸಿಗೆ ಒಯ್ದು, ಎಸಳು ಕಾಯುವ ಹೊತ್ತನ್ನು ಕೊಂಚ ಹೆಚ್ಚಿಸಿ ತಂದೆ. "ಈಗ ಪರವಾಗಿಲ್ಲ," ಎಂದರು. ಮತ್ತೆ ಕೆಲವು ದಿನಕ್ಕೆ ಮತ್ತೆ ಸಪ್ಪೆ. ಮತ್ತೆ ಹೆಚ್ಚಿಸಿದೆ. ಯಂತ್ರ ಸೇದುವಾಗ ನಿಮಿಷಕ್ಕೊಮ್ಮೆ, ಸಭ್ಯವಾಗಿ, ಇಷ್ಟೇ ಇಷ್ಟು ಎಳೆಯುತ್ತಿತ್ತು. ಆ ಬಿಳಿ ಬಿಲ್ಲೆ ಆ ಸಭ್ಯತೆಯ ಬಿಲ್ಲೆ. ಭಾವ ಎಳೆಯುತ್ತಿದ್ದದ್ದು ಮುಳುಗಿ ಮೇಲೆ ಬಂದವನು ಉಸಿರೆಳೆಯುವ ಹಾಗೆ, ಕೆನ್ನೆ ಒಳಗೆ ಹೋಗುವಷ್ಟು. ಇದನ್ನು ನಾನು ನೋಡುತ್ತಲೇ ಇದ್ದೆ. ನೋಡಿದಾಗ ನನಗೆ ಅನಿಸಿದ್ದು ಸೆನ್ಸರಿಗೆ ಇಷ್ಟು ಜೋರು ಗಾಳಿ ತಡೆಯುತ್ತದೆಯೇ ಎಂದು. ಅವರ ಹೃದಯ ತಡೆಯುತ್ತದೆಯೇ ಎಂದು ಅನಿಸಲಿಲ್ಲ.

ವಸಂತ ಬಂತು. ಪೈನ್ ಮರಗಳ ಹಳದಿ ಹುಡಿ ಕಾರುಗಳ ಮೇಲೆಲ್ಲ ಕೂತಿತ್ತು. ಒಂದು ಭಾನುವಾರ ನಾನು ಹೇಳದೆ ಅಕ್ಕನ ಮನೆಗೆ ಹೋದೆ. ಅಷ್ಟು ಹೊತ್ತಿಗೆ ನಾವು ಬೇರೆ ಅಪಾರ್ಟ್‌ಮೆಂಟಿಗೆ ಹೋಗಿದ್ದೆವು. ಅಕ್ಕ ಯುಗಾದಿ ಕಾರ್ಯಕ್ರಮದ ಹಾಡಿನ ಪ್ರಾಕ್ಟೀಸಿಗೆ ಹೋಗಿದ್ದಳು. ಭಾವ ಗರಾಜಿನ ಹಿಂದೆ, ನೀರಿನ ಪೈಪಿನ ಹತ್ತಿರ, ತಲೆಕೆಳಗು ಮಾಡಿದ ಬಕೆಟ್ಟಿನ ಮೇಲೆ ಕೂತಿದ್ದರು. ನಮ್ಮ ಮೋಟು ಸಿಗರೇಟೊಂದು ಅವರ ಬೆರಳ ನಡುವೆ ಇತ್ತು. ಅದರ ತುದಿ ಕೆಂಪಗೆ ಉರಿಯುತ್ತಿತ್ತು. ದೇವರ ಮನೆಯ ಬೆಂಕಿಪೊಟ್ಟಣ ಪಕ್ಕದಲ್ಲಿತ್ತು.

"ಭಾವ!"

"ಬ್ಯಾಟರಿ ಸತ್ತೋಯ್ತಯ್ಯಾ," ಎಂದರು, ಮಗುವಿನ ಹಾಗೆ. "ಚಾರ್ಜ್ ಆಗೋತನಕ ಯಾರು ಕಾಯ್ತಾರೆ?"

ಆಗ ನಾನು ಆಡಿದ ಮಾತು ಇಲ್ಲಿದೆ. ಇಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡದ್ದು.

"ಅದಕ್ಕೆ ಬೆಂಕಿ ಹಚ್ಚಬಾರದು ಭಾವ. ಅದು ಹಾಗೆ ಸೇದೋಕೆ ಡಿಸೈನ್ ಮಾಡಿದ್ದಲ್ಲ."

ಭಾವ ನನ್ನನ್ನು ನೋಡಿದರು. ಅವರ ಮುಖದಲ್ಲಿ ಹಳೆಯ ನಗೆ ಬಂತು. "ಬಂದಪ್ಪ ನಮ್ಮ ಎಸ್ಸೆಸ್ಸೆಲ್ಸಿ ಇಂಜಿನಿಯರು," ಎಂದು ಇನ್ನೊಂದು ದಮ್ಮು ಎಳೆದರು. ನನಗೆ ಅವಮಾನವಾಯಿತು. ಮನುಷ್ಯ ಮತ್ತೆ ಸಿಗರೇಟಿಗೆ ಬಿದ್ದಿದ್ದಾನೆ ಎಂಬುದಕ್ಕಿಂತ ನನ್ನ ಎಸಳುಗಳನ್ನು ಬಿಟ್ಟು ಬೆಂಕಿಕಡ್ಡಿ ಹಿಡಿದಿದ್ದಾನೆ ಎಂದು ನೊಂದುಕೊಂಡೆ. ಅಕ್ಕನಿಗೆ ಹೇಳಬೇಕಿತ್ತು. ಅವತ್ತೇ, ಅವಳು ಮನೆಗೆ ಬಂದ ಕೂಡಲೇ. ಹೇಳಿದರೆ ಶೀಶೆಯ ಕಥೆಯೂ ಹೇಳಬೇಕಾಗುತ್ತಿತ್ತು. ಎರಡನೆಯ ಬ್ಯಾಟರಿ ತಂದುಕೊಟ್ಟು ಸುಮ್ಮನಾದೆ.

ಆಮೇಲೆ ಭಾವನ ಕಾರಿನಲ್ಲಿ ಮಾಮೂಲಿ ಪ್ಯಾಕೆಟ್ಟುಗಳು ಬಂದು ಸೇರಿದವು. ಮನೆಯಲ್ಲಿ ಅಕ್ಕನ ಎದುರು ಆವಿ, ಹೊರಗೆ ಹೊಗೆ. ಫಲಾಹಾರ ಮುಗಿಸಿ ಊಟಕ್ಕೂ ಕೂರುವವರಿದ್ದಾರಲ್ಲ, ಹಾಗೆ. ಷರ್ಟಿನ ವಾಸನೆಗೆ ಆಫೀಸಿನಲ್ಲಿ ಪಕ್ಕದ ಸೀಟಿನವನು ಸೇದುತ್ತಾನೆ ಎಂಬ ನೆಪವಿತ್ತು. ಔಷಧಿ ತೆಗೆದುಕೊಳ್ಳುತ್ತಿರುವ ಮನುಷ್ಯನನ್ನು ಅಕ್ಕ ಯಾಕೆ ಅನುಮಾನಿಸಿಯಾಳು?

ಆ ಬೇಸಿಗೆಯಲ್ಲಿ ಒಂದು ಶನಿವಾರ ಬೆಳಿಗ್ಗೆ ಭಾವ ಮನೆಯ ಮುಂದೆ ಹುಲ್ಲು ಕತ್ತರಿಸುತ್ತಿದ್ದವರು ಮೇಲ್‌ಬಾಕ್ಸಿನ ಹತ್ತಿರ ಕುಸಿದರು. ಯಂತ್ರ ಓಡುತ್ತಲೇ ಇತ್ತಂತೆ. ಸದ್ದು ಒಂದೇ ಕಡೆಯಿಂದ ಬರುತ್ತಿದೆಯಲ್ಲ ಎಂದು ಅಕ್ಕ ಕಿಟಕಿಯಿಂದ ನೋಡಿದಳು. ಆಸ್ಪತ್ರೆಗೆ ಮುಟ್ಟುವ ಮೊದಲೇ ಮುಗಿದಿತ್ತು. ಯಾವುದರಿಂದ ಎಂದು ನಾನು ಹೇಳಲಾರೆ, ನಾನು ಡಾಕ್ಟರಲ್ಲ. ಕೆಟ್ಟ ಹೃದಯ ಮೊದಲೇ ಇತ್ತು. ಆದರೆ ಒಂದು ವರ್ಷಕ್ಕೂ ಮೇಲ್ಪಟ್ಟು ಸೇದದೆ ಇದ್ದ ಮನುಷ್ಯನ ಬಾಯಿಗೆ ಮೊದಲ ದಮ್ಮು ಇಟ್ಟವನು ನಾನು. ಇದಕ್ಕೆ ಡಾಕ್ಟರ ಸರ್ಟಿಫಿಕೇಟು ಬೇಕಿಲ್ಲ.

ವೈಕುಂಠ ಸಮಾರಾಧನೆ ಮುಗಿದು ಬಂದವರೆಲ್ಲ ಹೋದ ಮೇಲೆ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು. ಬಿಳಿ ಟವೆಲಿನಲ್ಲಿ ಸುತ್ತಿದ್ದ ಸಾಧನವನ್ನು ಕೈಗಿಟ್ಟಳು.

"ಒರೆಸಿ ಇಟ್ಟಿದೀನಿ. ಫುಲ್ ಚಾರ್ಜ್ ಇದೆ. ಇನ್ಯಾರಾದ್ರೂ ಪೇಷಂಟಿಗೆ ಕೊಡೋ. ಇವರಿಗಂತೂ ಉಪಯೋಗ ಆಗ್ಲಿಲ್ಲ."

ತೆಗೆದುಕೊಂಡೆ. ಸೋಮವಾರ ಅದನ್ನು ಆಫೀಸಿನ ಕಪಾಟಿನಲ್ಲಿ, ಎಲ್ಲಿಂದ ತೆಗೆದಿದ್ದೆನೋ ಅಲ್ಲೇ ಇಟ್ಟೆ. ಮುಂದೆ ಒಂದೆರಡು ವರ್ಷದಲ್ಲಿ ಆ ಯೋಜನೆಯೂ ನಿಂತಿತು. ಮನಸ್ಸಾಕ್ಷಿ ಎದ್ದು ನಿಂತದ್ದಲ್ಲ, ಜನ ಕೊಳ್ಳುವುದಿಲ್ಲವೆಂದು ನಿಂತದ್ದು. ಕೊನೆಯ ದಿನ ಕಾನ್ಫರೆನ್ಸ್ ರೂಮಿನಲ್ಲಿ ಕೇಕು ಕತ್ತರಿಸಿದರು. ಕಾಲಕ್ಕಿಂತ ಮುಂದಿದ್ದೆವು ಎಂದು ಗಡ್ಡದವನು ಭಾಷಣ ಮಾಡಿ, ಎಲ್ಲರೂ ಚಪ್ಪಾಳೆ ತಟ್ಟಿ, ಹಿಂಬಾಗಿಲಿನಿಂದ ಸೇದಲು ಹೋದರು. ನಾನೂ ಚಪ್ಪಾಳೆ ತಟ್ಟಿದೆ. ಆಮೇಲೆ ಅಟ್ಲಾಂಟಾ ಕಡೆ ಬೇರೆ ಕೆಲಸ ಸಿಕ್ಕಿತು, ಬಂದೆ.

ಸುವಾನಿಯ ಆ ಹುಡುಗನಿಗೆ "ಇರ್ಲಿಲ್ಲಪ್ಪ" ಎಂದು ಬಂದ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ಕ್ಯಾರಿಗೆ ಡ್ರೈವ್ ಮಾಡಿದೆ. ಈ ವಯಸ್ಸಿನಲ್ಲಿ ಅಷ್ಟು ದೂರ ಒಬ್ಬನೇ ಹೋಗಬೇಡಿ ಎಂದು ಹೆಂಡತಿ ಬೈದಳು. ಫೋನಿನಲ್ಲಿ ಹೇಳುವ ವಿಷಯವಲ್ಲ ಎಂದೆ.

ಅಕ್ಕ ಊಟದ ಮೇಜಿನ ಮೇಲೆ ಮೆಂತ್ಯಸೊಪ್ಪು ಬಿಡಿಸುತ್ತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ. ಬಿಲ್ಲೆ, ಶೀಶೆ, ಎಸಳು ಕಾಯುವ ಹೊತ್ತು ಹೆಚ್ಚಿಸಿದ್ದು, ಬಕೆಟ್ಟಿನ ಮೇಲೆ ಕೂತಿದ್ದ ಭಾವ. ಅವಳು ಒಂದೊಂದೇ ಎಲೆ ಬಿಡಿಸುತ್ತಲೇ ಇದ್ದಳು. ತಲೆ ಎತ್ತಲಿಲ್ಲ. ನಾನು ಮುಗಿಸಿದ ಮೇಲೆ ಕೇಳಿದಳು.

"ನಾನು ಚಾರ್ಜ್ ಮಾಡದೇ ಇದ್ದಿದ್ರೆ?"

ಈ ಪ್ರಶ್ನೆ ಬರುತ್ತದೆಂದು ನಾನು ಎಣಿಸಿರಲಿಲ್ಲ. ದಾರಿಯುದ್ದಕ್ಕೂ ನನ್ನ ಪಾಪದ ಬಗ್ಗೆ ಮಾತ್ರ ಯೋಚಿಸಿಕೊಂಡು ಬಂದಿದ್ದೆ. ದಿನಾ ಬೆಳಿಗ್ಗೆ ದೀಪ ಹಚ್ಚಿ ಅದನ್ನು ಪ್ಲಗ್ಗಿಗೆ ಹಾಕಿದ ಕೈ ಅವಳದು ಎನ್ನುವುದು ನನ್ನ ತಲೆಗೇ ಬಂದಿರಲಿಲ್ಲ. ಎಂಥ ತಮ್ಮ!

"ಚಾರ್ಜ್ ಇಲ್ದೇ ಇದ್ರೆ ಕಡ್ಡಿ ಗೀರಿ ಸೇದ್ತಿದ್ರು ಅಕ್ಕ. ನಾನೇ ನೋಡಿದೀನಿ. ನೀನು ಮಾಡಿದ್ದರಿಂದ ಏನೂ ಆಗ್ಲಿಲ್ಲ. ನಾನು ತಂದಿದ್ದರಿಂದ ಆಯ್ತು."

"ನಿಜ ಹೇಳ್ತಿದೀಯಾ? ಇಲ್ಲ ಇದೂ ಆವಿನಾ?"

"ನಿಜ ಅಕ್ಕ."

ಅವಳು ದಂಟುಗಳನ್ನು ಒಂದು ಕಡೆ, ಎಲೆಗಳನ್ನು ಒಂದು ಕಡೆ ಮಾಡಿದಳು. "ನಿಮ್ಮಿಬ್ಬರಿಗೂ ನಾನು ಎಷ್ಟು ದಡ್ಡಿ ಅಲ್ವೇನೋ," ಎಂದಳು. ಅಳಲಿಲ್ಲ. ಎದ್ದು ಸೊಪ್ಪು ತೊಳೆಯಲು ಹೋದಳು. ಆ ಮನೆಗೆ ಹೋದಾಗ ನನಗೆ ಕಾಫಿ ಸಿಗದೆ ಇದ್ದದ್ದು ಅವತ್ತೊಂದೇ ದಿನ. ಬಾಗಿಲಿನವರೆಗೂ ಬರಲಿಲ್ಲ. ಒಳಗಿಂದಲೇ, "ನಿಧಾನಕ್ಕೆ ಡ್ರೈವ್ ಮಾಡು," ಎಂದಳು.

ಈಗ ಅವಳು ಏಕಾದಶಿಯ ದಿನ ನೀರು ಬಿಟ್ಟು ಏನೂ ಮುಟ್ಟುವುದಿಲ್ಲವಂತೆ. ಮಗಳು ಫೋನ್ ಮಾಡಿ, "ಮಾಮಾ, ಅಮ್ಮ ಈಸ್ ಸೋ ಸ್ಟಬ್ಬರ್ನ್, ನೀವಾದ್ರೂ ಹೇಳಿ," ಎಂದಳು. ನಾನು ಏನು ಹೇಳಲಿ? ನಾನೂ ಹಾಗೇ ಮಾಡುತ್ತೇನೆ, ಪ್ರಾಯಶ್ಚಿತ್ತವಾಗಲಿ ಎಂದುಕೊಂಡು ಕಳೆದ ಏಕಾದಶಿಗೆ ಬರೀ ನೀರು ಕುಡಿದು ಕೂತೆ. ಬೆಳಿಗ್ಗೆ ಹನ್ನೊಂದು ಗಂಟೆಯವರೆಗೆ ಚೆನ್ನಾಗಿಯೇ ನಡೆಯಿತು. ಆಮೇಲೆ ಹೆಂಡತಿಯ ಮಾತ್ರೆ ತರಲು ಹೊರಗೆ ಹೋದವನು ಸಿಗ್ನಲ್ಲಿನಲ್ಲಿ ನಿಂತಿದ್ದೆ. ಬಲಪಕ್ಕದಲ್ಲಿ ಬರ್ಗರ್ ಅಂಗಡಿ. ಎಣ್ಣೆಯಲ್ಲಿ ಕರಿದ ಆಲೂಗಡ್ಡೆಯ ವಾಸನೆ ಕಾರೊಳಗೆ ಬಂತು. ಆಲೂಗಡ್ಡೆ ಗೆಡ್ಡೆ ತಾನೆ, ಧಾನ್ಯವಲ್ಲವಲ್ಲ, ಫಲಾಹಾರದೊಳಗೇ ಬರುತ್ತದೆ ಎಂದು ನನ್ನ ತಲೆಯೊಳಗೆ ಒಬ್ಬ ವಿವರಿಸತೊಡಗಿದ. ಬಹಳ ಅಚ್ಚುಕಟ್ಟಾಗಿ ವಿವರಿಸಿದ. ಹಸಿರು ದೀಪ ಬರುವಷ್ಟರಲ್ಲಿ ನನ್ನ ಕೈ ಆಗಲೇ ಬಲಕ್ಕೆ ತಿರುಗುವ ಸಿಗ್ನಲ್ ಹಾಕಿತ್ತು.